ವಿಂಡೋಸ್ 11, ಲಿನಕ್ಸ್ ಮಿಂಟ್, ಮ್ಯಾಕ್‌ಓಎಸ್: ದಿನದ ಕೆಲಸಕ್ಕೆ ಯಾವುದನ್ನು ನೆಚ್ಚಬಹುದು?

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಅಲ್ಲಿಂದ ಮುಂದೆ ಒಂದು ವರ್ಷದ ವಾಯಿದೆ ಸಿಕ್ಕಿತು. ಅತ್ತ ವಿಂಡೋಸ್ 11 ಹಾಕೋಣವೆಂದರೆ ಅದು ಇಂಟೆಲ್ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಹೆಚ್ಚುಕಮ್ಮಿ ಒಪ್ಪುವುದೇ ಇಲ್ಲ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕೆನ್ನುತ್ತದೆ. ಹಾಗಾಗಿ ಆರನೇ, ಏಳನೇ ತಲೆಮಾರಿನ ಐ3, ಐ5 ಇರುವ, ಯಾವ ತಂಟೆಯೂ ಇಲ್ಲದೆ ಓಡುತ್ತಿರುವ ಡೆಸ್ಕ್‌ಟಾಪ್ ಇಟ್ಟುಕೊಂಡ ಮನೆ, ಅಂಗಡಿ, ಸಣ್ಣ ಕಚೇರಿಗಳು ಈಗ ಒಂದು ತೀರ್ಮಾನಕ್ಕೆ ಬರಲೇಬೇಕು. ಹೊಸ ಯಂತ್ರ ಕೊಂಡು ವಿಂಡೋಸ್ 11ಕ್ಕೆ ಹೋಗುವುದೋ, ಇದೇ ಯಂತ್ರಕ್ಕೆ ಲಿನಕ್ಸ್ ಹಾಕುವುದೋ, ದುಡ್ಡು ಹೊಂದಿಸಿ ಆಪಲ್‌ನ ಮ್ಯಾಕ್ ಮಿನಿ ತರುವುದೋ?

ಈ ಮೂರನ್ನೂ ಇಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿದೆ. ವೇಗ, ಅಂದ, ಆಟಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದರೆ ಏಳಬೇಕು, ಸಂಜೆಯವರೆಗೆ ಕೈಕೊಡದೆ ನಡೆಯಬೇಕು. ಕೆಡದ ಸಿಸ್ಟಂ ಎಂಬುದು ಇಲ್ಲವೇ ಇಲ್ಲ. ಆದ್ದರಿಂದ ಕೆಟ್ಟ ಮೇಲೆ ಎಷ್ಟು ಹೊತ್ತಿಗೆ ಮತ್ತೆ ಕೆಲಸಕ್ಕೆ ಕೂರಬಹುದು, ಸರಿಮಾಡುವ ಕೀಲಿಕೈ ಯಾರ ಬಳಿ ಇದೆ ಎಂಬುದೇ ಇಲ್ಲಿನ ಅಳತೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬ್ರೌಸರ್, ಪತ್ರವ್ಯವಹಾರ, ಮಕ್ಕಳ ಓದು, ಯೂನಿಕೋಡ್ ಕನ್ನಡ ಬರವಣಿಗೆ ಇಷ್ಟಕ್ಕೇ ಆದರೆ ಲಿನಕ್ಸ್ ಮಿಂಟ್ 22 ಸರಣಿ. ಹಳೆಯ ಯಂತ್ರದಲ್ಲಿ ಇದಕ್ಕಿಂತ ನೆಮ್ಮದಿ ಬೇರೆ ಸಿಗದು. ಲೆಕ್ಕಪತ್ರದ ಟ್ಯಾಲಿ, 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳು, ಬೆರಳಚ್ಚಿನ ಸಾಧನ, ಡಿಜಿಟಲ್ ಸಹಿಯ ಟೋಕನ್ ಇದ್ದರೆ ವಿಂಡೋಸ್ 11, ಆದರೆ ಕೆಳಗೆ ಹೇಳಿದ ನಾಲ್ಕಾರು ಸೆಟ್ಟಿಂಗ್ ಬದಲಿಸಿಕೊಂಡ ಮೇಲೆ. ಮ್ಯಾಕ್ ಕೆಡುವುದು ಈ ಮೂರರಲ್ಲಿ ಅತಿ ಕಡಿಮೆ. ಕೆಟ್ಟರೆ ಮಾತ್ರ ನಿಮ್ಮ ಕೈಯಲ್ಲಿ ಉಳಿಯುವುದೂ ಅತಿ ಕಡಿಮೆ.

ಮೊದಲು ಡಬ್ಬ ಬಿಚ್ಚಿ ನೋಡಿ

"ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಹೊಡೆದುಕೊಡಿ" ಎಂದು ರಿಪೇರಿಗೆ ಬರುವ ಎಷ್ಟೋ ಯಂತ್ರಗಳಲ್ಲಿ ವಿಂಡೋಸ್‌ನ ತಪ್ಪೇ ಇರುವುದಿಲ್ಲ. ಹಾರ್ಡ್‌ಡಿಸ್ಕ್ ಸಾಯುತ್ತಿರುತ್ತದೆ, ರ‍್ಯಾಮ್ ಕೂತ ಜಾಗದಲ್ಲಿ ಕಿಲುಬು ಹಿಡಿದಿರುತ್ತದೆ, ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಬಸವಳಿದಿರುತ್ತದೆ. ಇವನ್ನು ನೋಡದೆ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಕಾಯಿಲೆ ಹೊಸ ಮನೆಗೂ ಬರುತ್ತದೆ.

ಡಿಸ್ಕಿನ ಆರೋಗ್ಯ ನೋಡಲು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಮಿಂಟ್‌ನಲ್ಲಿ 'ಡಿಸ್ಕ್ಸ್' ತೆರೆದು ಮೆನುವಿನಲ್ಲಿ ಸ್ಮಾರ್ಟ್ ಡೇಟಾ ಒತ್ತಿ. ಅಲ್ಲಿ ಮೂರು ಸಾಲು ಮುಖ್ಯ. 'ರೀಅಲೊಕೇಟೆಡ್ ಸೆಕ್ಟರ್' (ಕೆಟ್ಟು ಬದಲಿ ಕೊಟ್ಟ ಜಾಗಗಳು) ಸೊನ್ನೆಗಿಂತ ಹೆಚ್ಚಿದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಕಾಲ ಮುಗಿಯಿತು. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂದರೆ ಓದಲಾಗದೆ ಒದ್ದಾಡುತ್ತಿರುವ ಜಾಗಗಳು. ಸಿಸ್ಟಂ ಅರ್ಧ ನಿಮಿಷ ಹ್ಯಾಂಗ್ ಆಗಿ ತಾನೇ ಬಿಡಿಸಿಕೊಳ್ಳುವುದು ಸಾಮಾನ್ಯವಾಗಿ ಇದರಿಂದ. ಮೂರನೆಯದು ಸಿಆರ್‌ಸಿ ಎರರ್, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳು. ಇದು ಒಂದೇ ಸಮ ಏರುತ್ತಿದ್ದರೆ ಬಹುಪಾಲು ಡಿಸ್ಕ್ ಚೆನ್ನಾಗೇ ಇದೆ, ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಹಾಳಾಗಿದೆ. ಒಂದು ಕೇಬಲ್ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಡಿಸ್ಕನ್ನೇ ಎಸೆದವರಿದ್ದಾರೆ.

ಮದರ್‌ಬೋರ್ಡ್ ಮೇಲೆ ನಾಣ್ಯದಂತೆ ಕೂತಿರುವ ಸಿಆರ್2032 ಬ್ಯಾಟರಿಯನ್ನೂ ನೋಡಿ. ಹೊಸದರಲ್ಲಿ 3 ವೋಲ್ಟ್ ಕೊಡುವ ಇದು ಕೆಲವು ವರ್ಷಗಳಲ್ಲಿ ಸೋಲುತ್ತದೆ. ಸೋತರೆ, ರಾತ್ರಿ ಗೋಡೆಯ ಸ್ವಿಚ್ ಆರಿಸಿದ ಕಂಪ್ಯೂಟರ್ ಬೆಳಿಗ್ಗೆ ಎಂದೋ ಕಳೆದ ತಾರೀಖು ತೋರಿಸುತ್ತದೆ. ತಾರೀಖು ತಪ್ಪಿದ್ದಕ್ಕೆ ಬ್ರೌಸರ್ ಬ್ಯಾಂಕಿನ ತಾಣವನ್ನೂ ತೆರೆಯದು, ಜಿಎಸ್‌ಟಿ ತಾಣವನ್ನೂ ತೆರೆಯದು. ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತದೆ. ಕೂತವರು ಇಂಟರ್ನೆಟ್ ಹೋಗಿದೆ ಎಂದುಕೊಳ್ಳುತ್ತಾರೆ. ಇಷ್ಟಕ್ಕೇ ನಿಂತರೆ ಪುಣ್ಯ. ಕೆಲವು ಬೋರ್ಡ್‌ಗಳಲ್ಲಿ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋಗಿ ಬೋರ್ಡ್ ಡಿಸ್ಕಿನೊಡನೆ ಮಾತಾಡುವ ಮೋಡ್ ಎಎಚ್‌ಸಿಐ ಬಿಟ್ಟು ರೇಯ್ಡ್‌ಗೋ ಐಡಿಇಗೋ ತಿರುಗುತ್ತದೆ. ಆಗ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನಿಂತುಬಿಡುತ್ತದೆ. ಲಿನಕ್ಸ್ ಮಾತ್ರ ಬೂಟ್ ಆಗುವಾಗ ಎದುರಿಗೆ ಸಿಕ್ಕ ಕಂಟ್ರೋಲರ್‌ಗೆ ತಕ್ಕ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹಾಕಿಕೊಂಡು ಸಾಮಾನ್ಯವಾಗಿ ಎದ್ದೇಳುತ್ತದೆ. ಬಯಾಸ್‌ಗೆ ಹೋಗಿ ಸಾಟಾ ಮೋಡನ್ನು ಎಎಚ್‌ಸಿಐಗೆ ತಂದು, ಹೊಸ ಬ್ಯಾಟರಿ ಹಾಕಿದರೆ ವಿಂಡೋಸೂ ಏಳುತ್ತದೆ. ಫಾರ್ಮ್ಯಾಟ್ ಬೇಕಿಲ್ಲ.

ಸಿಸ್ಟಂ ಇನ್ನೂ ತಿರುಗುವ ಹಾರ್ಡ್‌ಡಿಸ್ಕ್ ಮೇಲಿದ್ದರೆ, ಬೇರೆ ಯಾವುದಕ್ಕೂ ಮೊದಲು 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ. 'ಹ್ಯಾಂಗ್' ಎಂಬ ದೂರಿನಲ್ಲಿ ದೊಡ್ಡ ಪಾಲು ಅಲ್ಲಿಗೇ ತೀರುತ್ತದೆ.

ವಿಂಡೋಸ್ 11

ವಿಂಡೋಸ್ ಹಠಾತ್ತನೆ ಬಿದ್ದು ನೀಲಿ ಪರದೆ ತೋರಿಸುವುದಕ್ಕೆ (2025ರಲ್ಲಿ ಅದನ್ನು ಕಪ್ಪಾಗಿಸಿದ್ದಾರೆ) ಮುಖ್ಯ ಕಾರಣ ಹೊರಗಿನವರು ಬರೆದ ಡ್ರೈವರ್. ಗ್ರಾಫಿಕ್ಸ್ ಕಾರ್ಡ್, ವೈಫೈ, ಆಂಟಿವೈರಸ್‌ಗಳ ಡ್ರೈವರ್‌ಗಳು ಕರ್ನಲ್ ಎಂಬ ಒಳಮನೆಯಲ್ಲೇ ಕೂತು ಕೆಲಸ ಮಾಡುತ್ತವೆ. ಅಲ್ಲಿ ಒಂದು ಎಡವಿದರೆ ಮನೆಯೇ ಕುಸಿಯುತ್ತದೆ. 2024ರ ಜುಲೈ 19ರಂದು ಜಗತ್ತಿಗೇ ಕಂಡದ್ದು ಇದೇ. ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶಕ್ಕೆ ಹೋದ ಒಂದು ದೋಷಪೂರಿತ ಕಡತದಿಂದ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರ ಸಣ್ಣದು: ತೀರಾ ಬೇಕಾದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಆ ಕಡತ ಅಳಿಸುವುದು. ಆದರೆ ಎಷ್ಟೋ ಕಡೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ (ಎನ್‌ಕ್ರಿಪ್ಷನ್) ಬೀಗ ಬಿದ್ದಿತ್ತು. 48 ಅಂಕಿಯ ಕೀ ಹುಡುಕಿ ತರುವವರೆಗೆ ಸೇಫ್ ಮೋಡಿನ ಬಾಗಿಲೂ ತೆರೆಯಲಿಲ್ಲ.

ಫಾಲ್ಕನ್ ಕಂಪನಿಗಳ ಸರಕು, ಮನೆಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆ ಬೀಗ ಮಾತ್ರ ಈಗ ಮನೆಗೂ ಬಂದಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ, ಟಿಪಿಎಂ, ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಸರಿಯಿರುವ ಯಂತ್ರದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗುತ್ತದೆ. ಕೀ ಆ ಖಾತೆಗೆ ಸೇರಿರುತ್ತದೆ. ಅಂಗಡಿಯವರು ಸಿಸ್ಟಂ ಹಾಕಿಕೊಡುವಾಗ ತಮ್ಮದೋ ಇನ್ಯಾರದೋ ಇಮೇಲ್ ಕೊಟ್ಟಿದ್ದರೆ ನಿಮ್ಮ ಡಿಸ್ಕಿನ ಕೀ ಅವರ ಖಾತೆಯಲ್ಲಿ ಕೂತಿರುತ್ತದೆ. ಮುಂದೆ ಬಯಾಸ್ ಅಪ್‌ಡೇಟ್ ಮಾಡಿದಾಗ, ಮದರ್‌ಬೋರ್ಡ್ ಬದಲಿಸಿದಾಗ ಸಿಸ್ಟಂ ಆ ಕೀ ಕೇಳುತ್ತದೆ. ಇಲ್ಲವೆಂದರೆ ಡೇಟಾ ಹೋದಂತೆ. ಯಾವ ರಿಕವರಿಯವರೂ ತೆಗೆದುಕೊಡಲಾರರು. ಆದ್ದರಿಂದ ಮೊದಲ ದಿನವೇ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯೂರಿಟಿ'ಯಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ನೋಡಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ರಿಕವರಿ ಕೀ ಪುಟದಿಂದ ಕೀಯನ್ನು ಕಾಗದಕ್ಕೆ ಇಳಿಸಿ ಮನೆಯ ಕಾಗದಪತ್ರಗಳ ಜೊತೆ ಇಡಿ. ಮನೆಯಿಂದ ಕದಲದ ಡೆಸ್ಕ್‌ಟಾಪಿಗೆ ಇದು ಬೇಡವೆನಿಸಿದರೆ ಅಲ್ಲೇ ಆಫ್ ಮಾಡಬಹುದು. ಬೀಗ ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುವೆ ಕರೆಂಟು ಹೋಗದಂತೆ ನೋಡಿಕೊಳ್ಳಿ.

ಅಪ್‌ಡೇಟ್ ವಿಷಯದಲ್ಲಿ ವಿಂಡೋಸ್ ಮೇಲೆ ಜನರಿಗಿರುವ ಸಿಟ್ಟು ಸುಮ್ಮನೆ ಬಂದದ್ದಲ್ಲ. 2018ರ ಅಕ್ಟೋಬರ್‌ನಲ್ಲಿ ಬಂದ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿಹಾಕಿತ್ತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅದರ ಹಂಚಿಕೆ ನಿಲ್ಲಿಸಿತು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಭದ್ರತಾ ಅಪ್‌ಡೇಟ್ ರಿಕವರಿ ಪಾರ್ಟಿಷನ್‌ನಲ್ಲಿ (ರಿಪೇರಿಗೆಂದು ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಭಾಗ) 250 ಎಂಬಿ ಖಾಲಿ ಜಾಗವಿಲ್ಲದ ಯಂತ್ರಗಳಲ್ಲೆಲ್ಲ ತಿಂಗಳುಗಟ್ಟಲೆ 'ಫೇಲ್' ಎಂದೇ ತೋರಿಸುತ್ತಿತ್ತು. ಪಾರ್ಟಿಷನ್ ಹಿಗ್ಗಿಸುವ ಕೆಲಸವನ್ನು ಬಳಕೆದಾರರೇ ಕಮಾಂಡ್ ಹೊಡೆದು ಮಾಡಬೇಕಾಯಿತು. ಇದನ್ನು ಮನೆಯವರಿಂದ ನಿರೀಕ್ಷಿಸುವುದು ಅನ್ಯಾಯ.

ಉಪಾಯವಿದೆ. ಮೈಕ್ರೋಸಾಫ್ಟ್‌ನ ಮುಖ್ಯ ಅಪ್‌ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ. ನಮ್ಮಲ್ಲಿ ಆಗ ರಾತ್ರಿ. ಆ ವಾರ 'ಪಾಝ್ ಅಪ್‌ಡೇಟ್ಸ್' ಒತ್ತಿ ಒಂದು ವಾರ ತಡೆಯಿರಿ. ದೋಷವಿದ್ದರೆ ಅಷ್ಟರಲ್ಲಿ ಸುದ್ದಿಯಾಗಿರುತ್ತದೆ. ಐದು ವಾರದವರೆಗೂ ತಡೆಯಲು ಅವಕಾಶವಿದೆ, ಅಷ್ಟು ತಡೆಯುವುದು ಬೇಡ. ಭದ್ರತೆಯ ತೂತು ತೆರೆದೇ ಇರುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಅವಸರ ಬೇಡವೇ ಬೇಡ. ಹಾಕಿಕೊಂಡು ಒಗ್ಗದಿದ್ದರೆ 10 ದಿನದೊಳಗೆ 'ರಿಕವರಿ'ಯಲ್ಲಿ 'ಗೋ ಬ್ಯಾಕ್' ಒತ್ತಿ ಹಿಂದಕ್ಕೆ ಹೋಗಬಹುದು, ಹನ್ನೊಂದನೇ ದಿನ ಆ ದಾರಿ ಮುಚ್ಚಿರುತ್ತದೆ. ಅಪ್‌ಡೇಟ್ ಆದಮೇಲೆ ಸಿಸ್ಟಂ ಏಳುತ್ತಲೇ ಇಲ್ಲವೆಂದರೆ, ಬೂಟ್ ಆಗುವ ನಡುವೆ ಪವರ್ ಬಟನ್ ಒತ್ತಿಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿ. ರಿಕವರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್.

ಇನ್ನೊಂದು ಸದ್ದಿಲ್ಲದ ಕಾರಣ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಆರುವುದಿಲ್ಲ. ಕರ್ನಲ್ ಇದ್ದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಹಾಗಾಗಿ ನಿನ್ನೆ ಹಾದಿ ತಪ್ಪಿದ್ದ ಡ್ರೈವರ್ ಇಂದೂ ಹಾದಿ ತಪ್ಪಿಯೇ ಇರುತ್ತದೆ. ದಿನಾ ಆರಿಸಿ ಹಚ್ಚುವ ಯಂತ್ರದಲ್ಲೂ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದ 'ಅಪ್‌ಟೈಮ್' ವಾರಗಟ್ಟಲೆ ತೋರಿಸುವುದು ಇದರಿಂದಲೇ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಪೂರ್ತಿ ಆರಿ ಏಳುತ್ತದೆ. ಎಸ್‌ಎಸ್‌ಡಿ ಇರುವ ಯಂತ್ರಕ್ಕೆ ಇದರಿಂದ ಹೇಳಿಕೊಳ್ಳುವಂಥ ಲಾಭವೇನೂ ಇಲ್ಲ; ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡು' ಪುಟಕ್ಕೆ ಹೋಗಿ ಟಿಕ್ ತೆಗೆಯಿರಿ.

ವಿಂಡೋಸ್‌ನಲ್ಲಿ ಮೆಚ್ಚಬೇಕಾದ ಒಂದು ಸಾಧನವನ್ನು ಹೆಚ್ಚಿನವರು ನೋಡಿಯೇ ಇಲ್ಲ. ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಎಂದು ಟೈಪ್ ಮಾಡಿದರೆ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ಬರುತ್ತದೆ. ದಿನದಿನದ ಒಂದು ಗೆರೆ, 1ರಿಂದ 10ರವರೆಗಿನ ಅಂಕ, ಯಾವ ದಿನ ಏನು ಬಿತ್ತೋ ಅದರ ಕೆಳಗೆ ಕೆಂಪು ಗುರುತು. ಗೆರೆ ಕುಸಿದ ದಿನದ ಹಿಂದುಮುಂದಿನ ನೀಲಿ ಗುರುತನ್ನು ಒತ್ತಿ ನೋಡಿ. ಆ ದಿನ ಹಾಕಿದ ಡ್ರೈವರ್ ಹೆಸರೋ ತಂತ್ರಾಂಶದ ಹೆಸರೋ ಅಲ್ಲಿ ಬರೆದಿರುತ್ತದೆ. 'ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ' ಎಂಬ ಸಾಲು ಮಾತ್ರ ಮೇಲಿಂದ ಮೇಲೆ ಇದ್ದು, ಬೇರೆ ದೋಷವೇನೂ ಇಲ್ಲದಿದ್ದರೆ ಅನುಮಾನ ಕರೆಂಟಿನ ಮೇಲೆ, ಎಸ್‌ಎಂಪಿಎಸ್ ಮೇಲೆ ಹೋಗಬೇಕು.

ಸಿಸ್ಟಂ ಕಡತಗಳೇ ಕೆಟ್ಟಿವೆ ಎನಿಸಿದಾಗ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು 'ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರೀಸ್ಟೋರ್‌ಹೆಲ್ತ್' (dism /online /cleanup-image /restorehealth), ಅದು ಮುಗಿದ ಮೇಲೆ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' (sfc /scannow). ತಿರುಗುಮುರುಗಾಗಿ ಮಾಡುವವರೇ ಹೆಚ್ಚು. ಎರಡನೆಯದು ಹಾಳಾದ ಕಡತದ ಜಾಗಕ್ಕೆ ಒಳ್ಳೆಯದನ್ನು ತರುವ ಉಗ್ರಾಣವನ್ನು ಮೊದಲನೆಯದು ರಿಪೇರಿ ಮಾಡುತ್ತದೆ. ಉಗ್ರಾಣದಲ್ಲೇ ಹುಳ ಬಿದ್ದಿದ್ದರೆ ಅಡುಗೆ ಹೇಗಾದೀತು?

ಲಿನಕ್ಸ್ ಮಿಂಟ್ 22 ಸರಣಿ

ಲಿನಕ್ಸ್ ಎಂದರೆ ಒಂದಲ್ಲ, ಬೇರೆ ಬೇರೆಯವರು ಕಟ್ಟಿದ ಹಲವು ಬಗೆಗಳಿವೆ. ಫೆಡೋರಾ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಆರ್ಚ್ ದಿನದಿನಕ್ಕೂ ಬದಲಾಗುತ್ತದೆ. 2022ರ ಆಗಸ್ಟ್‌ನಲ್ಲಿ ಸಿಸ್ಟಂ ಎಬ್ಬಿಸುವ ಗ್ರಬ್ ಎಂಬ ತಂತ್ರಾಂಶ ಅಪ್‌ಡೇಟ್ ಆದಮೇಲೆ ಅದರ ಅನೇಕ ಯಂತ್ರಗಳು ಬೂಟ್ ಆಗಲಿಲ್ಲ. ಕಲಿಯುವವರಿಗೆ ಅವು ಸೊಗಸು, ಅಂಗಡಿಯ ಬಿಲ್ಲಿಂಗ್ ಮೇಜಿಗೆ ಬೇಡ. ನೆಚ್ಚಬೇಕೆಂದರೆ ಉಬುಂಟುವಿನ ದೀರ್ಘ ಬೆಂಬಲದ ಎಲ್‌ಟಿಎಸ್ ಆವೃತ್ತಿ, ಅದರ ಮೇಲೆ ಕಟ್ಟಿದ ಮಿಂಟ್, ಇಲ್ಲವೇ ಡೆಬಿಯನ್ ಸ್ಟೇಬಲ್. ಹಳತಾದರೂ ಹದಗೊಂಡ ತಂತ್ರಾಂಶವನ್ನಷ್ಟೇ ಕೊಡುವ ಇವುಗಳ ನಿಧಾನಕ್ಕೆ ಬೆಲೆಯಿದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಸಲಕರಣೆಯೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಬಯಲಾದಾಗ, ಆ ಕೆಟ್ಟ ಆವೃತ್ತಿ ಡೆಬಿಯನ್‌ನ ಪ್ರಯೋಗಶಾಲೆಯವರೆಗೆ ಬಂದಿತ್ತು, ಸ್ಟೇಬಲ್‌ಗೆ ಇಳಿದಿರಲಿಲ್ಲ.

ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ. 2029ರವರೆಗೆ ಬೆಂಬಲ. 4 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ, 8 ಇದ್ದರೆ ಹಾಯಾಗಿರುತ್ತದೆ. ಟಿಪಿಎಂ ಕೇಳುವುದಿಲ್ಲ. ಅಪ್‌ಡೇಟ್ ಯಾವಾಗ ಎಂದು ನೀವು ಹೇಳುತ್ತೀರಿ, ಅದು ಕೇಳುತ್ತದೆ. ನಡುವೆ ತಾನೇ ರೀಸ್ಟಾರ್ಟ್ ಆಗುವುದಿಲ್ಲ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪೊಟ್ಟಣದ ರೂಪದಲ್ಲಿ ಬರುತ್ತದೆ, ಅದು ತನ್ನಷ್ಟಕ್ಕೆ ನವೀಕರಿಸಿಕೊಳ್ಳಲು ಹೋಗಿ 'ಮುಚ್ಚಿ ತೆರೆಯಿರಿ' ಎಂದು ಪೀಡಿಸುತ್ತದೆ. ಮಿಂಟ್ ಸ್ನ್ಯಾಪನ್ನು ದೂರವಿಟ್ಟಿದೆ. ಒಂದು ಮುಖ್ಯ ಕಾರಣಕ್ಕೆ ಮಿಂಟ್ ಮೇಲು: ಟೈಮ್‌ಶಿಫ್ಟ್ ಜೊತೆಗೇ ಬರುತ್ತದೆ.

ಟೈಮ್‌ಶಿಫ್ಟ್ ಸಿಸ್ಟಂನ ಫೋಟೋ ತೆಗೆದಿಟ್ಟ ಹಾಗೆ. ಆರ್‌ಸಿಂಕ್ ಬಗೆ ಆರಿಸಿ, ದಿನಕ್ಕೊಂದರಂತೆ 3, ವಾರಕ್ಕೊಂದರಂತೆ 2 ಇಟ್ಟುಕೊಳ್ಳಲು ಹೇಳಿ. ಮೊದಲ ಫೋಟೋ ಸಿಸ್ಟಂ ಕಡತಗಳಷ್ಟೇ ಜಾಗ ತಿನ್ನುತ್ತದೆ, ಆಮೇಲಿನವು ಬದಲಾದಷ್ಟನ್ನೇ ಸೇರಿಸುತ್ತವೆ. ಅಪ್‌ಡೇಟ್‌ನಿಂದ ಏನಾದರೂ ಕೆಟ್ಟರೆ ಮಿಂಟ್ ಹಾಕಿದ ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ, ಅದರೊಳಗಿನ ಟೈಮ್‌ಶಿಫ್ಟ್ ತೆರೆದು ನಿನ್ನೆಯ ಫೋಟೋ ಆರಿಸಿ 'ರೀಸ್ಟೋರ್' ಒತ್ತಿ. ಎಸ್‌ಎಸ್‌ಡಿ ಇದ್ದರೆ ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು. ನೆನಪಿಡಿ, ಇದು ನಿಮ್ಮ ಹೋಮ್ ಫೋಲ್ಡರಿನ ಕಡತಗಳನ್ನು ಮುಟ್ಟುವುದಿಲ್ಲ, ಕಾಪಾಡುವುದೂ ಇಲ್ಲ. ಫೋಟೋ, ಲೆಕ್ಕಪತ್ರಕ್ಕೆ ಬೇರೆ ಬ್ಯಾಕಪ್ ಬೇಕು.

ಲಿನಕ್ಸ್‌ನಲ್ಲಿ ಕೆಡುವ ಜಾಗಗಳು ಬೆರಳೆಣಿಕೆಯಷ್ಟು, ಆದರೆ ಗೊತ್ತಿಲ್ಲದವರನ್ನು ಹೆದರಿಸುತ್ತವೆ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಮುಂದಿನ ಸಲ ಅಪ್‌ಡೇಟ್ ಮ್ಯಾನೇಜರ್ ಕೆಲಸ ಮಾಡದೆ 'ಡಿಪಿಕೆಜಿ (ತಂತ್ರಾಂಶ ಹಾಕುವ ಸಲಕರಣೆ) ಅರ್ಧಕ್ಕೆ ನಿಂತಿದೆ' ಎನ್ನುತ್ತದೆ. ಟರ್ಮಿನಲ್‌ನಲ್ಲಿ 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' (sudo dpkg --configure -a), ಬಳಿಕ 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' (sudo apt --fix-broken install). ಬಹುಪಾಲು ಇಷ್ಟರಲ್ಲಿ ಮುಗಿಯುತ್ತದೆ. ಕರೆಂಟು ಕೆಟ್ಟ ಗಳಿಗೆಯಲ್ಲಿ ಹೋಗಿ ಕಡತ ವ್ಯವಸ್ಥೆಗೆ ಪೆಟ್ಟಾಗಿದ್ದರೆ ಕಪ್ಪು ಪರದೆಯ ಮೇಲೆ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಒಂದೇ ಸಾಲು ಬಂದು ನಿಲ್ಲುತ್ತದೆ. ಇದನ್ನು ನೋಡಿ ಎಲ್ಲ ಹೋಯಿತೆಂದು ಫಾರ್ಮ್ಯಾಟ್ ಮಾಡಿಸಿದವರು ಎಷ್ಟೋ ಜನ. ಅಲ್ಲಿ 'ಎಕ್ಸಿಟ್' ಎಂದು ಹೊಡೆದರೆ ಯಾವ ಪಾರ್ಟಿಷನ್‌ಗೆ ಪೆಟ್ಟಾಗಿದೆ ಎಂದು ಅದೇ ಹೇಳುತ್ತದೆ. ಆ ಹೆಸರಿಗಿಂತ ಮೊದಲು 'ಎಫ್‌ಎಸ್‌ಸಿಕೆ -ವೈ' (fsck -y) ಸೇರಿಸಿ ಹೊಡೆಯಿರಿ, ಮುಗಿದ ಮೇಲೆ ಮತ್ತೆ 'ಎಕ್ಸಿಟ್'. ಡೆಸ್ಕ್‌ಟಾಪ್ ಎದುರಿಗೆ ಬರುತ್ತದೆ. ವಾರಕ್ಕೆರಡು ಸಲ ಹೀಗಾದರೆ ಡಿಸ್ಕಿನ ಸ್ಮಾರ್ಟ್ ಅಂಕಿಗಳನ್ನು ನೋಡಿ.

ಎರಡನೇ ಜಾಗ ಎನ್‌ವಿಡಿಯಾ ಕಾರ್ಡ್. ಹೊಸ ಕರ್ನಲ್ ಬಂದಾಗ ಅದರ ಡ್ರೈವರನ್ನು ಆ ಕರ್ನಲ್‌ಗೆ ತಕ್ಕಂತೆ ಮತ್ತೆ ಕಟ್ಟಬೇಕಾಗುತ್ತದೆ. ಕಟ್ಟುವುದು ತಪ್ಪಿದರೆ ಪರದೆ ಕಪ್ಪು. ಬೂಟ್ ಆಗುವಾಗ ಎಸ್ಕೇಪ್ ಒತ್ತಿ ಗ್ರಬ್ ಮೆನು ತಂದು, 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿದರೆ ಏಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಕೆಲವು ಸೆಕೆಂಡು ಕಾಯುತ್ತದೆ. ಅಲ್ಲಿ 'ಎನ್‌ರೋಲ್ ಎಂಓಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ಮನೆ ನೋಡುತ್ತ ಕೂತರೆ ಅದು ಹೋಗಿಬಿಡುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ. ಇಂಟೆಲ್‌ನ ಒಳಗ್ರಾಫಿಕ್ಸ್ ಇರುವ ಮಾಮೂಲಿ ಆಫೀಸ್ ಡೆಸ್ಕ್‌ಟಾಪಿಗೆ ಈ ತಾಪತ್ರಯ ಯಾವುದೂ ಇಲ್ಲ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಹಾಕಿದ್ದರೆ ಬೂಟ್ ಪಾರ್ಟಿಷನ್ ಬೇರೆ ಇರುತ್ತದೆ, ಹಳೆಯ ಕರ್ನಲ್‌ಗಳು ಕೂಡಿ ಕೂಡಿ ಅದು ತುಂಬಿಹೋಗುತ್ತದೆ, ಅಪ್‌ಡೇಟ್ ಅಲ್ಲಿಗೆ ನಿಲ್ಲುತ್ತದೆ. ಅಪ್‌ಡೇಟ್ ಮ್ಯಾನೇಜರ್‌ನ ಪ್ರಿಫರೆನ್ಸಸ್, ಆಟೊಮೇಷನ್‌ನಲ್ಲಿ ಹಳೆಯ ಕರ್ನಲ್ ತೆಗೆಯುವ ಆಯ್ಕೆಯನ್ನು ಆನ್ ಮಾಡಿಡಿ.

ಪ್ರಿಂಟರ್, ನುಡಿ, ಟ್ಯಾಲಿ

ಸಿಸ್ಟಂ ಎಷ್ಟೇ ಗಟ್ಟಿಯಿದ್ದರೂ ಪ್ರಿಂಟ್ ಬರದಿದ್ದರೆ ಗಿರಾಕಿಗೆ ಅದು ಕೆಟ್ಟ ಕಂಪ್ಯೂಟರೇ. ಝೆರಾಕ್ಸ್ ಅಂಗಡಿಗಳಲ್ಲಿ ಮಾಮೂಲಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ವಿಂಡೋಸ್‌ನಲ್ಲಿ ಸಲೀಸು. ಲಿನಕ್ಸ್‌ನಲ್ಲಿ ಅದರ ಕ್ಯಾಪ್ಟ್ ಡ್ರೈವರ್ ಹಳೆಯದು, ಒಂದು ಅಪ್‌ಡೇಟ್‌ಗೆ ಬದುಕಿದರೆ ಇನ್ನೊಂದಕ್ಕೆ ಸಾಯುತ್ತದೆ; ಆ ಪ್ರಿಂಟರೇ ಜೀವನಾಧಾರವಾಗಿದ್ದರೆ ಮಿಂಟ್ ಕಡೆ ಹೋಗಬೇಡಿ. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರಿನಿಂದ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳ ತಂತ್ರಾಂಶ) ಹೋಗಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಎಚ್‌ಪಿಲಿಪ್ ಎಂಬ ಎಚ್‌ಪಿ ಡ್ರೈವರಿನ ಪ್ಲಗಿನ್ ಬೇಕು, ಎಚ್‌ಪಿಲಿಪ್ ಆವೃತ್ತಿ ಬದಲಾದಾಗ ಪ್ಲಗಿನ್ನನ್ನೂ 'ಎಚ್‌ಪಿ-ಪ್ಲಗಿನ್' ಕಮಾಂಡಿನಿಂದ ಮತ್ತೆ ಹಾಕಬೇಕು. ಇದು ಗೊತ್ತಿದ್ದರೆ ಆ ಪ್ರಿಂಟರ್ ಚೆನ್ನಾಗಿಯೇ ನಡೆಯುತ್ತದೆ.

ಪ್ರಿಂಟ್ ಸಾಲಿನಲ್ಲಿ ಸಿಕ್ಕಿಕೊಂಡರೆ ವಿಂಡೋಸ್‌ನಲ್ಲಿ 'ಸರ್ವೀಸಸ್' ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ಸಿಸ್ಟಂ32 ಒಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ, ಸ್ಪೂಲರನ್ನು ಮತ್ತೆ ಚಾಲೂ ಮಾಡಿ. ಲಿನಕ್ಸ್‌ನಲ್ಲಿ ಒಂದು ಸಲ ಕಾಗದ ಸಿಕ್ಕಿದ ಪ್ರಿಂಟರ್ 'ಪಾಝ್' ಆಗಿ (ಕೆಲಸ ತಡೆದು) ಕೂತು, ಕಾಗದ ಸರಿಮಾಡಿದ ಮೇಲೂ ಅಲ್ಲೇ ಕೂತಿರುತ್ತದೆ. ಬ್ರೌಸರ್‌ನಲ್ಲಿ 'ಲೋಕಲ್‌ಹೋಸ್ಟ್:631' ತೆರೆದು ಆ ಪ್ರಿಂಟರಿನ ಎರರ್ ಪಾಲಿಸಿಯನ್ನು 'ರೀಟ್ರೈ-ಜಾಬ್'ಗೆ ಬದಲಿಸಿದರೆ ಈ ಕಾಟ ಹೋಗುತ್ತದೆ.

ಕನ್ನಡ ಟೈಪಿಂಗ್‌ಗೆ ಈಗ ಮೂರರಲ್ಲೂ ಕೊರತೆಯಿಲ್ಲ. ವಿಂಡೋಸ್‌ಗೆ 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಜೊತೆಗೇ ಬಂದಿದೆ, ಮ್ಯಾಕ್‌ನಲ್ಲಿ ಅದರದೇ ಕನ್ನಡ ಕೀಬೋರ್ಡ್ ಇದೆ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕನ್ನಡ, ಕಗಪ' ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಬೇಗ ಒಗ್ಗುತ್ತದೆ. ತೊಡಕಿರುವುದು ಹಳೆಯ ನುಡಿ ಫಾಂಟುಗಳಲ್ಲಿ ಮಾಡಿಟ್ಟ ಆಹ್ವಾನ ಪತ್ರಿಕೆ, ಪೇಜ್‌ಮೇಕರ್ ಕಡತಗಳಲ್ಲಿ. ಅವು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಅಂಥ ಕಡತಗಳ ರಾಶಿ ಇರುವ ಡಿಟಿಪಿ ಅಂಗಡಿ ವಿಂಡೋಸ್ ಬಿಡುವ ಹಾಗಿಲ್ಲ. ಟ್ಯಾಲಿಪ್ರೈಮ್ ಕೂಡ ವಿಂಡೋಸ್‌ನದೇ ತಂತ್ರಾಂಶ. ಡಿಜಿಟಲ್ ಸಹಿಯ ಟೋಕನ್‌ಗಳು ಲಿನಕ್ಸ್‌ನಲ್ಲಿ ಓಡುವುದುಂಟು, ಆದರೆ ರಿಟರ್ನ್ ತುಂಬುವ ಕೊನೆಯ ದಿನ ಆ ಪ್ರಯೋಗಕ್ಕೆ ಕೈಹಾಕುವುದು ತರವಲ್ಲ.

ಮ್ಯಾಕ್‌ಓಎಸ್

ಯಂತ್ರ, ಸಿಸ್ಟಂ ಎರಡೂ ಒಬ್ಬರೇ ಮಾಡುವುದರಿಂದ ಡ್ರೈವರ್ ಜಗಳವೇ ಇಲ್ಲ. ಹೊರಗಿನ ತಂತ್ರಾಂಶಗಳನ್ನು ಆಪಲ್ 2019ರಿಂದ ಒಂದೊಂದಾಗಿ ಕರ್ನಲ್‌ನಿಂದ ಹೊರಗೆ ಕಳಿಸುತ್ತ ಬಂದಿದೆ. 2020ರ ಬಿಗ್ ಸರ್ ಆವೃತ್ತಿಯಿಂದ ಸಿಸ್ಟಂ ಭಾಗವೇ ಮೊಹರು ಹಾಕಿದ ಪ್ರತ್ಯೇಕ ವಾಲ್ಯೂಮ್. ಹಾಗಾಗಿ ಯಾರೂ ಅದನ್ನು ತಿದ್ದಿ ಕೆಡಿಸಲಾರರು. ಎಂ4 ಮ್ಯಾಕ್ ಮಿನಿ 2024ರಲ್ಲಿ ಭಾರತಕ್ಕೆ ಬಂದಾಗ 16 ಜಿಬಿ ರ‍್ಯಾಮ್, 256 ಜಿಬಿ ಡಿಸ್ಕಿನ ಮಾದರಿಗೆ 59,900 ರೂಪಾಯಿ ಇಟ್ಟಿದ್ದರು. ಕೀಬೋರ್ಡ್, ಮೌಸ್, ಮಾನಿಟರ್ ನಿಮ್ಮದೇ. ಕೆಲಸ ಬ್ರೌಸರಿನದು, ಫೋಟೋ ವಿಡಿಯೋದ್ದು ಎಂದಾದರೆ ಕೊಟ್ಟ ದುಡ್ಡಿಗೆ ನ್ಯಾಯ.

ಇಂಟೆಲ್ ಮ್ಯಾಕ್ ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಗುತ್ತಿದೆಯೆಂದು ಕೊಳ್ಳಬೇಡಿ. 2025ರ ಟಾಹೊ ಆವೃತ್ತಿಯೇ ಅವಕ್ಕೆ ಕೊನೆ. ಹೊಸ ಮ್ಯಾಕ್‌ಗಳಲ್ಲಿ ಡಿಸ್ಕಿನ ಡೇಟಾ ಸದಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀ ಆ ಮ್ಯಾಕಿನ ಚಿಪ್ಪಿನೊಳಗೇ. ಬೋರ್ಡ್ ಸುಟ್ಟರೆ ಡಿಸ್ಕ್ ಕಿತ್ತು ಬೇರೆ ಯಂತ್ರಕ್ಕೆ ಹಾಕಿ ಓದುವ ಮಾತೇ ಇಲ್ಲ. ಟೈಮ್ ಮೆಷಿನ್‌ಗೆ ಒಂದು ಹೊರಗಿನ ಡಿಸ್ಕ್ ಕೊಳ್ಳುವುದನ್ನು ಮ್ಯಾಕಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಫರ್ಮ್‌ವೇರ್ ಹಂತದಲ್ಲೇ ಕೆಟ್ಟರೆ ಅದನ್ನು ಎಬ್ಬಿಸಲು ಇನ್ನೊಂದು ಮ್ಯಾಕ್ ಬೇಕು. ಸಣ್ಣ ಊರುಗಳಲ್ಲಿ ಅದಕ್ಕಾಗಿ ಬೆಂಗಳೂರಿಗೋ ಮಂಗಳೂರಿಗೋ ಹೊರಡಬೇಕಾಗುತ್ತದೆ. ಗಿರಾಕಿ ತಂದ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವನ್ನು ಮ್ಯಾಕ್ ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಆದರೆ ಮೂರಕ್ಕೂ ನಡೆಯುತ್ತದೆ, ಆದರೆ ಅದಕ್ಕೆ ಜರ್ನಲ್ (ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ದಿನಚರಿ) ಇಲ್ಲ. 'ಇಜೆಕ್ಟ್' ಕೊಡದೆ ಕಿತ್ತರೆ ಫೋಲ್ಡರ್‌ಗಳೇ ಮಾಯವಾಗಬಹುದು.

ಕರೆಂಟು

ವಿಂಡೋಸ್‌ನ ಎನ್‌ಟಿಎಫ್‌ಎಸ್, ಲಿನಕ್ಸ್‌ನ ಎಕ್ಸ್ಟ್4 ಎರಡೂ ಜರ್ನಲ್ ಇಟ್ಟುಕೊಂಡು, ಮ್ಯಾಕ್‌ನ ಎಪಿಎಫ್‌ಎಸ್ ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು, ಕರೆಂಟು ಹಠಾತ್ತನೆ ಹೋದರೂ ಕಡತಗಳ ಪಟ್ಟಿಯನ್ನು ಉಳಿಸಿಕೊಳ್ಳುತ್ತವೆ. ಉಳಿಯುವುದು ಪಟ್ಟಿ; ಆಗಷ್ಟೇ ಟೈಪ್ ಮಾಡುತ್ತಿದ್ದ ಪತ್ರ ಉಳಿಯುತ್ತದೆಂಬ ಭರವಸೆ ಇಲ್ಲ. ಲಿಬ್ರೆಆಫೀಸ್, ಎಂಎಸ್ ಆಫೀಸ್ ಎರಡರಲ್ಲೂ ಆಟೊರಿಕವರಿ 10 ನಿಮಿಷಕ್ಕೆ ಇರುತ್ತದೆ, 2ಕ್ಕೆ ಇಳಿಸಿ.

ಬೇಸಿಗೆಯ ಲೋಡ್‌ಶೆಡ್ಡಿಂಗ್, ಮಳೆಗಾಲದ ಸಿಡಿಲು ಎರಡನ್ನೂ ಕಂಡ ಊರುಗಳಲ್ಲಿ ಯುಪಿಎಸ್ ಇಲ್ಲದೆ ಸಿಸ್ಟಂಗಳನ್ನು ಹೋಲಿಸುವುದೇ ವ್ಯರ್ಥ. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ತಡೆಯುತ್ತದೆ; ಮಾಮೂಲಿ ಆಫೀಸ್ ಡೆಸ್ಕ್‌ಟಾಪ್, ಮಾನಿಟರ್ ಎರಡೂ ಸೇರಿದರೂ ಅದರ ಅರ್ಧಕ್ಕಿಂತ ಕಡಿಮೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಕಾಗದಕ್ಕೆ ಪುಡಿ ಕಾಯಿಸಿ ಅಂಟಿಸುವ ರೋಲರ್ ಒಮ್ಮೆಗೇ ನೂರಾರು ವ್ಯಾಟ್ ಎಳೆದು ಯುಪಿಎಸ್ ಕಿರುಚಿ ಆರುತ್ತದೆ, ಜೊತೆಗೆ ಕಂಪ್ಯೂಟರೂ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹೇಳದೆ ಸೋಲುತ್ತದೆ. ತಿಂಗಳಿಗೊಮ್ಮೆ ಎಲ್ಲ ಕೆಲಸ ಸೇವ್ ಮಾಡಿ ಗೋಡೆಯ ಸ್ವಿಚ್ ಆರಿಸಿ ನೋಡಿ. ಐದು ನಿಮಿಷ ನಿಂತರೆ ಸಾಕು, ಅರ್ಧ ನಿಮಿಷಕ್ಕೆ ಬಿದ್ದರೆ ಬ್ಯಾಟರಿ ತನ್ನಿ.

ಒಂದೇ ಯಂತ್ರದಲ್ಲಿ ವಿಂಡೋಸ್, ಮಿಂಟ್ ಎರಡನ್ನೂ ಇಟ್ಟುಕೊಂಡು ನೋಡುವವರಿಗೆ ಎರಡು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆರಿಸದಿದ್ದರೆ ಮಿಂಟ್ ಆ ಡ್ರೈವುಗಳಿಗೆ ಬರೆಯಲು ಒಪ್ಪುವುದಿಲ್ಲ. ಮಲಗಿದವನ ಜೇಬಿಗೆ ಕೈ ಹಾಕಿದಂತೆ, ಒಪ್ಪದಿರುವುದೇ ಸರಿ. ಇನ್ನೊಂದು ಗಡಿಯಾರ. ಬೋರ್ಡಿನ ಗಡಿಯಾರದಲ್ಲಿ ಊರಿನ ಸಮಯವಿದೆ ಎಂದು ವಿಂಡೋಸ್ ತಿಳಿಯುತ್ತದೆ, ಗ್ರೀನಿಚ್ ಸಮಯವಿದೆ ಎಂದು ಲಿನಕ್ಸ್ ತಿಳಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಗಂಟೆ ಐದೂವರೆ ತಪ್ಪುತ್ತದೆ, ಬಿಲ್ಲಿನ ಮೇಲೆ ತಪ್ಪು ಹೊತ್ತು ಅಚ್ಚಾಗುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಒಂದೇ ಸಲ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' (timedatectl set-local-rtc 1) ಎಂದು ಹೊಡೆದರೆ ಎರಡರ ಗಡಿಯಾರವೂ ಹೊಂದಿಕೊಳ್ಳುತ್ತದೆ.